ಗಾಯ ಮಾಯುವಿಕೆ
ಕಡಿದ ಅಥವಾ ಜಜ್ಜಿದ ಚರ್ಮವನ್ನು ದೇಹ ತಾನೇ ಕೂಡಿಸಿಕೊಳ್ಳುವ ಕ್ರಿಯೆ. ಹುಕ್ಕೇರಿ ತಾಲ್ಲೂಕಿನ ಕಣಗಲಾ ಸುತ್ತಲಿನ ಕಬ್ಬಿನ ಸೀಮೆಯಲ್ಲಿ ಕಟಾವಿನ ಕೊಯ್ತಾ ಕಾಲಿಗೆ ತಗಲುವುದು ಇದರ ಪರಿಚಿತ ಪ್ರಸಂಗ. ಪ್ಲೇಟ್‌ಲೆಟ್‌ಗಳು ನಿಮಿಷಗಳಲ್ಲೇ ರಕ್ತ ಹೆಪ್ಪುಗಟ್ಟಿಸುತ್ತವೆ. ಬಿಳಿ ರಕ್ತಕಣಗಳು ರೋಗಾಣುಗಳನ್ನು ತೆರವುಗೊಳಿಸುವ ಮೊದಲ ಕೆಲ ದಿನ ಬಾವು, ಉರಿ ಸಹಜ. ಬಳಿಕ ಕೆಂಪನೆಯ ಹೊಸ ಮಾಂಸ ತುಂಬಿ, ಕೊಲಾಜೆನ್ ಎಳೆಗಳು ಹೆಣೆದುಕೊಳ್ಳುತ್ತವೆ. ತೊಗಲು ಕೂಡಿದ ಮಾತ್ರಕ್ಕೆ ಕೆಲಸ ಮುಗಿಯದು: 3 ವಾರಕ್ಕೆ ಕಲೆಯ ಬಲ ಮೂಲ ಚರ್ಮದ ಸುಮಾರು ಶೇ 20–30, ತಿಂಗಳುಗಳು ಕಳೆದರೂ ಶೇ 80 ದಾಟುವುದು ಅಪರೂಪ. ಹೊಲಕ್ಕೆ ಮರಳುವ ಅವಸರದಲ್ಲಿ ಮರೆತುಹೋಗುವುದು ಇದೇ. ಮಧುಮೇಹ, ಪ್ರೋಟೀನ್ ಕೊರತೆ ಮಾಯುವುದನ್ನು ನಿಧಾನಿಸುತ್ತವೆ. ನೆರೆಯ ನಿಪ್ಪಾಣಿಯ ಹೆಸರುವಾಸಿ ತಂಬಾಕೂ ಅಷ್ಟೇ, ಅದರ ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಮಣ್ಣು ಸೋಕಿದ ಗಾಯವನ್ನು ಸೋಪು, ನೀರಿನಿಂದ ತೊಳೆದು ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಬೇಕು. ಸುಣ್ಣ, ಕಾಫಿಪುಡಿ ಮೆತ್ತಬಾರದು.