ಸ್ತ್ರೀ ಸಂಘಟನೆಯ ಸಮಾವೇಶ: ಅತಿಥಿ ಭಾಷಣ ಮುಗಿದ ಮೇಲೆ ಏನು?

ಸ್ತ್ರೀ ಸಂಘಟನೆಯ ಸಮಾವೇಶ ಎಂದ ಕೂಡಲೇ ನಮ್ಮ ಕರಾವಳಿಯವರಿಗೆ ಪರಿಚಿತವಾದ ಒಂದು ದೃಶ್ಯ ಕಣ್ಣ ಮುಂದೆ ಬರುತ್ತದೆ. ಚರ್ಚ್ ಮೈದಾನದಲ್ಲಿ ಸಾಲಾಗಿ ನಿಂತ ಬಸ್ಸುಗಳು, ಒಂದೇ ಬಣ್ಣದ ಸೀರೆ ಉಟ್ಟ ಘಟಕಗಳ ಸದಸ್ಯೆಯರು, ಬಲಿಪೂಜೆ, ಪ್ರಾರ್ಥನಾ ಗೀತೆ, ದೀಪ ಬೆಳಗಿಸಿ ಉದ್ಘಾಟನೆ, ವರದಿ ವಾಚನ, ಸನ್ಮಾನ, ಊಟದ ಬಳಿಕ ಸಾಂಸ್ಕೃತಿಕ ಕಾರ್ಯಕ್ರಮ. ಇವೆಲ್ಲದರ ನಡುವೆ ಒಂದು ಗಂಟೆಯ ಅತಿಥಿ ಭಾಷಣ. ಬೆಳಗ್ಗೆ ಬೇಗನೆ ಅಡುಗೆ ಮುಗಿಸಿ, ಮಕ್ಕಳನ್ನು ಅತ್ತೆಯ ಬಳಿ ಬಿಟ್ಟು, ಬೀಡಿ ಕಟ್ಟುವ ಒಂದು ದಿನದ ಸಂಪಾದನೆಯನ್ನು ಕಳೆದುಕೊಂಡು ಬಂದ ತಾಯಂದಿರು ಸಭೆಯಲ್ಲಿ ಕುಳಿತಿರುತ್ತಾರೆ.

ಸಂಜೆ ಬಸ್ಸು ಹತ್ತುವಾಗ "ಭಾಷಣ ಲಾಯ್ಕ್ ಇತ್ತು" ಎಂಬ ಮಾತು ಎಲ್ಲರ ಬಾಯಲ್ಲೂ ಇರುತ್ತದೆ. ಒಂದು ತಿಂಗಳ ನಂತರ ಏನು ಹೇಳಿದರು ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ಆದುದರಿಂದ ಸಮಾವೇಶವನ್ನು ಏರ್ಪಡಿಸುವವರಿಗೂ ಅದರಲ್ಲಿ ಭಾಗವಹಿಸುವವರಿಗೂ ಉಪಯೋಗವಾಗುವ ಕೆಲವು ವಿಷಯಗಳನ್ನು ಇಲ್ಲಿ ಒಟ್ಟಾಗಿ ಕೊಡಲಾಗಿದೆ.

ಹಿನ್ನೆಲೆ

ಕ್ಯಾಥೊಲಿಕ್ ಮಹಿಳೆಯರು ಸಂಘಟಿತರಾಗಿ ಸಭೆ ಸೇರುವುದು ಹೊಸತೇನಲ್ಲ. ವಿವಿಧ ದೇಶಗಳ ಸಂಘಟನೆಗಳು ಸೇರಿ 1910ರಲ್ಲಿ ಕಟ್ಟಿದ ಒಕ್ಕೂಟವು ಇಂದು ವಿಶ್ವ ಕ್ಯಾಥೊಲಿಕ್ ಮಹಿಳಾ ಸಂಘಟನೆಗಳ ಒಕ್ಕೂಟವಾಗಿ ಬೆಳೆದಿದೆ. ಅದರ ಮಹಾಸಭೆ 2023ರ ಮೇ ತಿಂಗಳಲ್ಲಿ ಇಟಲಿಯ ಅಸ್ಸಿಸಿಯಲ್ಲಿ ಜರಗಿತು.

ದ್ವಿತೀಯ ವ್ಯಾಟಿಕನ್ ಮಹಾಸಭೆಗೆ ಮಹಿಳೆಯರು ವೀಕ್ಷಕರಾಗಿ ಮೊದಲ ಬಾರಿ ಪ್ರವೇಶಿಸಿದ್ದು 1964ರಲ್ಲಿ. ಮಹಾಸಭೆ ಮುಗಿಯುವಷ್ಟರಲ್ಲಿ ಅವರ ಸಂಖ್ಯೆ 23 ಆಗಿತ್ತು. ಅವರಿಗೆ ಮತದಾನದ ಹಕ್ಕು ಇರಲಿಲ್ಲ. 2023ರ ಅಕ್ಟೋಬರ್‌ನಲ್ಲಿ ರೋಮ್‌ನಲ್ಲಿ ನಡೆದ ಸಿನೊಡ್‌ನಲ್ಲಿ 54 ಮಹಿಳೆಯರು ಮತ ಚಲಾಯಿಸಿದರು. ಕೇಳಿಸಿಕೊಳ್ಳುವ ಸ್ಥಾನದಿಂದ ತೀರ್ಮಾನದಲ್ಲಿ ಪಾಲು ಪಡೆಯುವ ಸ್ಥಾನಕ್ಕೆ ಬರಲು ಸುಮಾರು 60 ವರ್ಷ ಹಿಡಿಯಿತು.

ಭಾರತದಲ್ಲಿ 2008ರ ಫೆಬ್ರವರಿಯಲ್ಲಿ ಜಮ್‌ಶೆಡ್‌ಪುರದಲ್ಲಿ ಸೇರಿದ ಧರ್ಮಾಧ್ಯಕ್ಷರ ಮಹಾಸಭೆಯು ಧರ್ಮಸಭೆ ಮತ್ತು ಸಮಾಜದಲ್ಲಿ ಮಹಿಳಾ ಸಬಲೀಕರಣವನ್ನೇ ಮುಖ್ಯ ವಿಷಯವಾಗಿ ತೆಗೆದುಕೊಂಡಿತು. ಅದರ ಫಲವಾಗಿ 2010ರಲ್ಲಿ ಲಿಂಗ ಸಮಾನತೆಯ ಕುರಿತ ನೀತಿ ಹೊರಬಂತು. ಸಮಾವೇಶದಲ್ಲಿ ಮಾತನಾಡುವ ಅತಿಥಿ ಈ ದಾಖಲೆಯನ್ನು ಒಮ್ಮೆಯಾದರೂ ಓದಿರಬೇಕೆಂದು ನಿರೀಕ್ಷಿಸುವುದು ತಪ್ಪಲ್ಲ.

ಅತಿಥಿಯನ್ನು ಆರಿಸುವಾಗ

ದೊಡ್ಡ ಹೆಸರು, ಹಾಸ್ಯ ಚಟಾಕಿ, ಇಂಪಾದ ಧ್ವನಿ ಇವೆಲ್ಲ ಒಳ್ಳೆಯದೇ. ಆದರೆ ಸಭಿಕರಿಗೆ ಸ್ಫೂರ್ತಿ ಕೊಡುವುದು ಹೆಚ್ಚಾಗಿ ತಾನೇ ನಡೆದ ದಾರಿಯ ಬಗ್ಗೆ ಮಾತನಾಡುವವರ ಮಾತು. ಆಸ್ಪತ್ರೆಯಲ್ಲಿ ದುಡಿದ ದಾದಿ, ಸ್ವಸಹಾಯ ಗುಂಪಿನಿಂದ ಸಾಲ ಪಡೆದು ಉದ್ಯಮ ಕಟ್ಟಿದ ಗೃಹಿಣಿ, ನ್ಯಾಯವಾದಿ, ಪಂಚಾಯತ್ ಸದಸ್ಯೆ, ಕುಡಿತದ ಚಟದಿಂದ ಗಂಡನನ್ನು ಹೊರತರಲು ಹೆಣಗಿದ ಹೆಂಡತಿ, ಹಳ್ಳಿಯಲ್ಲಿ ಸೇವೆ ಮಾಡಿದ ಧರ್ಮಭಗಿನಿ, ಇಂತಹವರು ನಮ್ಮ ವಲಯದಲ್ಲೇ ಇದ್ದಾರೆ.

ಆಹ್ವಾನ ನೀಡುವಾಗ ಮೂರು ವಿಷಯಗಳನ್ನು ಅತಿಥಿಗೆ ಮೊದಲೇ ತಿಳಿಸಬೇಕು: ಸಭೆಯಲ್ಲಿ ಯಾರಿರುತ್ತಾರೆ, ಅವರಿಗೆ ಯಾವ ಭಾಷೆ ಸಲೀಸು, ಭಾಷಣದ ನಂತರ ಅವರು ಏನು ಮಾಡಬೇಕೆಂದು ನಾವು ಬಯಸುತ್ತೇವೆ. ಕೊಂಕಣಿ ಬಾರದ ಸದಸ್ಯೆಯರು ಕೆಲವೇ ಮಂದಿ ಇದ್ದರೂ ಅವರ ಪಕ್ಕದಲ್ಲಿ ಕುಳಿತು ಅರ್ಥ ಹೇಳುವ ಒಬ್ಬರನ್ನು ನೇಮಿಸುವುದು ಉತ್ತಮ. ಭಾಷಣಕ್ಕೆ 40 ನಿಮಿಷ, ಪ್ರಶ್ನೆಗಳಿಗೆ 20 ನಿಮಿಷ ಎಂದು ಕಾರ್ಯಕ್ರಮ ಪಟ್ಟಿಯಲ್ಲೇ ಬರೆಯಿರಿ. ಸ್ವಾಗತ, ಸನ್ಮಾನಗಳು ಉದ್ದವಾದಾಗ ಮೊದಲು ಕತ್ತರಿ ಬೀಳುವುದು ಪ್ರಶ್ನೆಗಳ ಸಮಯಕ್ಕೆ. ಹಾಗಾಗಬಾರದು.

ಭಾಷಣಕ್ಕೆ ಯೋಗ್ಯವಾದ ಮೂರು ವಿಷಯಗಳು

1. ಧರ್ಮಸಭೆಯಲ್ಲಿ ಮಹಿಳೆಯ ಸ್ಥಾನ. ಪೋಪ್ ಎರಡನೇ ಜಾನ್ ಪಾಲ್ ಅವರು ಮಹಿಳೆಯ ಘನತೆಯ ಕುರಿತು 1988ರಲ್ಲಿ ಪ್ರೇಷಿತ ಪತ್ರ ಬರೆದರು. ಬೀಜಿಂಗ್ ಮಹಿಳಾ ಸಮ್ಮೇಳನಕ್ಕೆ ಮುನ್ನ, 1995ರಲ್ಲಿ, ಲೋಕದ ಎಲ್ಲ ಮಹಿಳೆಯರಿಗೆ ಪತ್ರ ಬರೆದು, ಧರ್ಮಸಭೆಯ ಮಕ್ಕಳಿಂದ ಆದ ತಪ್ಪುಗಳಿಗಾಗಿ ವಿಷಾದ ವ್ಯಕ್ತಪಡಿಸಿದರು. ಪೋಪ್ ಫ್ರಾನ್ಸಿಸ್ ಅವರು 2016ರಲ್ಲಿ ಸಂತ ಮರಿಯ ಮಗ್ದಲೇನರ ಜುಲೈ 22ರ ಸ್ಮರಣೆಯನ್ನು ಪ್ರೇಷಿತರ ಹಬ್ಬದ ಮಟ್ಟಕ್ಕೆ ಏರಿಸಿದರು. 2021ರ ಜನವರಿಯಲ್ಲಿ ವಾಚಕ ಹಾಗೂ ಪೀಠಸೇವಕ ಸೇವೆಗಳಿಗೆ ಮಹಿಳೆಯರನ್ನೂ ವಿಧಿಪೂರ್ವಕವಾಗಿ ನೇಮಿಸಲು ಧರ್ಮಸಭೆಯ ಕಾನೂನಿಗೆ ತಿದ್ದುಪಡಿ ತಂದರು. ಇವನ್ನು ಹೇಳಿ ಮುಗಿಸಿದ ಮೇಲೆ ಅತಿಥಿಯು ಸಭೆಗೆ ಕೇಳಬೇಕಾದ ಪ್ರಶ್ನೆ ಒಂದಿದೆ: ನಿಮ್ಮ ಚರ್ಚ್ ಪಾಲನಾ ಮಂಡಳಿಯಲ್ಲಿ ಎಷ್ಟು ಮಹಿಳೆಯರಿದ್ದಾರೆ, ಅವರಲ್ಲಿ ಎಷ್ಟು ಮಂದಿ ಬಾಯಿ ಬಿಟ್ಟು ಮಾತನಾಡುತ್ತಾರೆ?

2. ಆಸ್ತಿಯ ಹಕ್ಕು. ಕರ್ನಾಟಕದ ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಪತಿ ವಿಲ್ ಬರೆಯದೆ ತೀರಿಕೊಂಡು, ಮಕ್ಕಳಿದ್ದರೆ, ಅವರ ಆಸ್ತಿಯಲ್ಲಿ ಪತ್ನಿಗೆ ಮೂರನೇ ಒಂದು ಪಾಲು. ಉಳಿದದ್ದು ಗಂಡು ಹೆಣ್ಣು ಎಂಬ ಭೇದವಿಲ್ಲದೆ ಮಕ್ಕಳಿಗೆ ಸಮಪಾಲು. ಉದಾಹರಣೆಗೆ 90 ಸೆಂಟ್ಸ್ ಜಾಗ ಬಿಟ್ಟು ಹೋದ ವ್ಯಕ್ತಿಗೆ ಪತ್ನಿ, ಒಬ್ಬ ಮಗ ಮತ್ತು ಇಬ್ಬರು ಹೆಣ್ಣುಮಕ್ಕಳಿದ್ದರೆ ಪತ್ನಿಗೆ 30 ಸೆಂಟ್ಸ್, ಪ್ರತಿಯೊಬ್ಬ ಮಗುವಿಗೆ 20 ಸೆಂಟ್ಸ್. ಮಗಳಿಗೆ ಮದುವೆಯಾಗಿದೆ ಎಂಬ ಕಾರಣಕ್ಕೆ ಅವಳ ಪಾಲು ಕಡಿಮೆಯಾಗುವುದಿಲ್ಲ. ಇದು ತಿಳಿಯದೆ, ಮರಣದ ಶೋಕ ಆರುವ ಮೊದಲೇ, ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿದವರು ನಮ್ಮ ನಡುವೆ ಇದ್ದಾರೆ. ಮನೆಯವರ ಪ್ರೀತಿಗಾಗಿ ಪಾಲು ಬಿಟ್ಟುಕೊಡುವುದು ಒಬ್ಬರ ಇಚ್ಛೆ. ತಿಳಿಯದೆ ಕಳೆದುಕೊಳ್ಳುವುದು ಬೇರೆ ಮಾತು.

ನೆರೆಯ ಕೇರಳದಲ್ಲಿ ತಿರುವಾಂಕೂರಿನ 1916ರ ಕಾನೂನಿನ ಪ್ರಕಾರ ಕ್ರೈಸ್ತ ಮಗಳಿಗೆ ಮಗನ ಪಾಲಿನ ನಾಲ್ಕನೇ ಒಂದು ಭಾಗ ಅಥವಾ 5,000 ರೂಪಾಯಿ, ಇವೆರಡರಲ್ಲಿ ಕಡಿಮೆಯಾದದ್ದು ಮಾತ್ರ ಸಿಗುತ್ತಿತ್ತು. ಶಿಕ್ಷಕಿ ಮೇರಿ ರಾಯ್ ಅವರು ಸುಪ್ರೀಂ ಕೋರ್ಟಿಗೆ ಹೋದ ಕಾರಣ 1986ರಲ್ಲಿ ಆ ಅನ್ಯಾಯ ನಿಂತಿತು. ಅವರು 2022ರಲ್ಲಿ ನಿಧನರಾದರು. ಒಬ್ಬ ಮಹಿಳೆಯ ಧೈರ್ಯ ಎಷ್ಟು ಮನೆಗಳಿಗೆ ತಲುಪಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

3. ಕ್ಷಮೆ ಮತ್ತು ಮನೆಯೊಳಗಿನ ಹಿಂಸೆ. ಸಮಾವೇಶಗಳಲ್ಲಿ ಕ್ಷಮೆಯ ಕುರಿತು ಮಾತನಾಡದ ಅತಿಥಿಗಳು ವಿರಳ. 1995ರಲ್ಲಿ ಮಧ್ಯಪ್ರದೇಶದಲ್ಲಿ ಹತರಾಗಿ, 2017ರಲ್ಲಿ ಪುನೀತರೆಂದು ಘೋಷಿಸಲ್ಪಟ್ಟ ಭಗಿನಿ ರಾಣಿ ಮರಿಯ ಅವರ ತಂಗಿ, ಸ್ವತಃ ಧರ್ಮಭಗಿನಿ, ಜೈಲಿಗೆ ಹೋಗಿ ಹಂತಕನ ಕೈಗೆ ರಾಖಿ ಕಟ್ಟಿದ ಘಟನೆಯನ್ನು ಕೇಳಿದರೆ ಎಂತಹವರ ಕಣ್ಣೂ ಒದ್ದೆಯಾಗುತ್ತದೆ.

ಆದರೆ ಸಭೆಯ ಹಿಂದಿನ ಸಾಲಿನಲ್ಲಿ, ನಿನ್ನೆ ರಾತ್ರಿ ಪೆಟ್ಟು ತಿಂದು ಬಂದ ತಾಯಿಯೊಬ್ಬರು ಕುಳಿತಿರಬಹುದು. "ಕ್ಷಮಿಸಿ, ಸಹಿಸಿ" ಎಂಬ ಮಾತು ಅವರ ಕಿವಿಗೆ "ಪೆಟ್ಟು ತಿನ್ನುತ್ತಾ ಇರಿ" ಎಂದು ಕೇಳಿಸಬಾರದು. ಧರ್ಮಸಭೆಯ ಬೋಧನೆ ಹಾಗಿಲ್ಲ. ಸಂಗಾತಿಯು ದೇಹಕ್ಕಾಗಲಿ ಆತ್ಮಕ್ಕಾಗಲಿ ಗಂಭೀರ ಅಪಾಯ ತಂದರೆ ಬೇರೆಯಾಗಿ ವಾಸಿಸಲು ಅದು ನ್ಯಾಯವಾದ ಕಾರಣ ಎಂದು ಧರ್ಮಸಭೆಯ ಕಾನೂನಿನ 1153ನೇ ವಿಧಿ ಹೇಳುತ್ತದೆ. ಪೋಪ್ ಫ್ರಾನ್ಸಿಸ್ ಅವರೂ ಕುಟುಂಬ ಜೀವನದ ಕುರಿತ 2016ರ ಪ್ರಬೋಧನೆಯಲ್ಲಿ, ದುರ್ಬಲ ಸಂಗಾತಿಯನ್ನೂ ಮಕ್ಕಳನ್ನೂ ಕಾಪಾಡಲು ಇಂತಹ ಬೇರ್ಪಡೆ ಕೆಲವೊಮ್ಮೆ ನೈತಿಕವಾಗಿಯೂ ಅಗತ್ಯವಾಗುತ್ತದೆ ಎಂದಿದ್ದಾರೆ. ಕ್ಷಮೆಯ ಬಗ್ಗೆ ಹೇಳುವ ಅತಿಥಿ ಇದನ್ನೂ ಹೇಳಲೇಬೇಕು.

ದೇಶದ ಕಾನೂನೂ ಜೊತೆಗಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ರಕ್ಷಣೆ, ವಾಸದ ಹಕ್ಕು ಮತ್ತು ಆರ್ಥಿಕ ಪರಿಹಾರ ಕೇಳಬಹುದು. ಮಹಿಳಾ ಸಹಾಯವಾಣಿ 181, ತುರ್ತು ಸಹಾಯಕ್ಕೆ 112. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ಕಾನೂನು ನೆರವು ದೊರೆಯುತ್ತದೆ. ಅದರ ಸಹಾಯವಾಣಿ 15100. ಈ ಮೂರು ಸಂಖ್ಯೆಗಳನ್ನು ಕಾರ್ಯಕ್ರಮ ಪಟ್ಟಿಯ ಹಿಂಬದಿಯಲ್ಲಿ ಮುದ್ರಿಸಿದರೆ ಯಾರೂ ಎದ್ದು ನಿಂತು ಕೇಳದೆ ಎಲ್ಲರ ಕೈಗೂ ತಲುಪುತ್ತದೆ.

ಭಾಗವಹಿಸುವವರಿಗೆ

ಪ್ರತಿ ವರ್ಷ ಪದಾಧಿಕಾರಿಗಳೇ ಸಮಾವೇಶಕ್ಕೆ ಹೋಗುವ ವಾಡಿಕೆ ಬೇಡ. ಪ್ರತಿ ವಾಳೆಯಿಂದ ಒಬ್ಬರಾದರೂ ಹೊಸಬರನ್ನು ಕರೆದುಕೊಂಡು ಹೋಗಿ. ಬಸ್ಸಿನ ಖರ್ಚು ಭರಿಸಲಾಗದವರನ್ನು ಘಟಕದ ಹಣದಿಂದ, ಹೆಸರು ಹೇಳದೆ, ಸೇರಿಸಿಕೊಳ್ಳಿ. ಹೋಗುವ ಮುನ್ನ ಘಟಕದ ಸಭೆಯಲ್ಲಿ ಎರಡು ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ. ಮೈಕ್ ಮುಂದೆ ಕೇಳಲು ಸಂಕೋಚವಾಗುವ ಪ್ರಶ್ನೆಗಳಿಗಾಗಿ ಸಭಾಭವನದ ಬಾಗಿಲ ಬಳಿ ಒಂದು ಪೆಟ್ಟಿಗೆ ಇಡುವಂತೆ ಸಂಘಟಕರನ್ನು ಕೇಳಿಕೊಳ್ಳಿ. ಹೆಸರು ಬರೆಯದ ಚೀಟಿಗಳಲ್ಲೇ ಮುಖ್ಯ ಪ್ರಶ್ನೆಗಳು ಬರುತ್ತವೆ. ಭಾಷಣ ನಡೆಯುವಾಗ ಎಲ್ಲವನ್ನೂ ಬರೆದುಕೊಳ್ಳಬೇಕಾಗಿಲ್ಲ. ಮನಸ್ಸಿಗೆ ತಟ್ಟಿದ ಒಂದು ಮಾತು, ಮಾಡಬಹುದಾದ ಒಂದು ಕೆಲಸ, ಇಷ್ಟೇ ಸಾಕು.

ಹಿಂದಿರುಗಿದ ಮೇಲೆ

ಸಮಾವೇಶದ ನಂತರದ ಮೊದಲ ಮಾಸಿಕ ಸಭೆಯಲ್ಲಿ ಅರ್ಧ ಗಂಟೆ ಇದಕ್ಕಾಗಿ ಮೀಸಲಿಡಿ. ಹೋಗಿ ಬಂದವರು ಹೋಗದವರಿಗೆ ತಮ್ಮ ಮಾತಿನಲ್ಲೇ ತಿಳಿಸಲಿ. ಬಳಿಕ ಒಂದೇ ಒಂದು ಕೆಲಸವನ್ನು ಆರಿಸಿ, ಅದಕ್ಕೆ ಒಬ್ಬರನ್ನು ಹೊಣೆ ಮಾಡಿ, ದಿನಾಂಕ ಗೊತ್ತುಪಡಿಸಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಅದು ವಾಳೆಯ ವಿಧವೆಯರ ಮನೆ ಭೇಟಿಯಾಗಿರಬಹುದು, ನ್ಯಾಯವಾದಿಯೊಬ್ಬರನ್ನು ಕರೆಸಿ ವಿಲ್ ಮತ್ತು ಆಸ್ತಿ ದಾಖಲೆಗಳ ಮಾಹಿತಿ ಪಡೆಯುವುದಾಗಿರಬಹುದು, ಓದು ನಿಲ್ಲಿಸಿದ ಹುಡುಗಿಯೊಬ್ಬಳ ಶುಲ್ಕ ಭರಿಸುವುದಾಗಿರಬಹುದು. ಧರ್ಮಗುರುಗಳಿಗೂ ಪಾಲನಾ ಮಂಡಳಿಗೂ ಇದರ ವರದಿ ನೀಡಿ.

ಯಾರಾದರೂ ತಮ್ಮ ಕಷ್ಟವನ್ನು ಹೇಳಿಕೊಂಡರೆ ಅದು ನಡಾವಳಿ ಪುಸ್ತಕಕ್ಕೂ ಬೇಡ, ಬಸ್ಸಿನ ಮಾತಿಗೂ ಬೇಡ. ಗುಟ್ಟು ಕಾಯುವ ಘಟಕಕ್ಕೆ ಮಾತ್ರ ಜನ ಮತ್ತೆ ಬರುತ್ತಾರೆ.

ಮರಿಯ ಮಾತೆಯು ದೇವದೂತನ ಸಂದೇಶ ಕೇಳಿದ ಬಳಿಕ ಅವಸರದಿಂದ ಹೊರಟದ್ದು ಎಲಿಜಬೇತಳ ಮನೆಗೆ, ಆಕೆಯ ಅಗತ್ಯದ ಸಮಯದಲ್ಲಿ. ಈ ಬಾರಿ ಸಮಾವೇಶದಿಂದ ಮರಳಿದ ಮೇಲೆ ನಮ್ಮ ವಾಳೆಯಲ್ಲಿ ಯಾರ ಮನೆಗೆ ಹೋಗಬೇಕೆಂಬುದನ್ನು ಬಸ್ಸಿನಲ್ಲೇ ತೀರ್ಮಾನಿಸಿಕೊಂಡು ಬರೋಣ.