ಕಪ್ಪು ರಂಧ್ರದ ದನಿಯನ್ನು ಲೆಕ್ಕಹಾಕಿದ ಕನ್ನಡಿಗ: ಪ್ರೊ. ಸಿ. ವಿ. ವಿಶ್ವೇಶ್ವರ

ಖಗೋಳ ಭೌತವಿಜ್ಞಾನಿ ಪ್ರೊ. ಸಿ. ವಿ. ವಿಶ್ವೇಶ್ವರ ಅವರು 1938ರ ಮಾರ್ಚ್ 6ರಂದು ಬೆಂಗಳೂರಿನಲ್ಲಿ ಜನಿಸಿದರು. ಇವರ ತಂದೆ ಸಿ. ಕೆ. ವೆಂಕಟರಾಮಯ್ಯ ಕನ್ನಡದ ಸಾಹಿತಿ. ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿದ ವಿಶ್ವೇಶ್ವರ, ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಪ್ರೊ. ಚಾರ್ಲ್ಸ್ ಮಿಸ್ನರ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದರು.

ಕಪ್ಪು ರಂಧ್ರವೆಂದರೆ ತೂತಲ್ಲ. ಅಪಾರ ದ್ರವ್ಯರಾಶಿ ಕಿರಿದಾದ ಜಾಗಕ್ಕೆ ಕುಸಿದು, ಬೆಳಕೂ ಹೊರಬರಲಾರದಷ್ಟು ಗುರುತ್ವಾಕರ್ಷಣೆ ಉಂಟಾದ ಕಾಯವದು. ನಮ್ಮ ಸೂರ್ಯನು ಕಪ್ಪು ರಂಧ್ರವಾಗಬೇಕಾದರೆ ಅವನ ಸಮಸ್ತ ದ್ರವ್ಯವೂ 3 ಕಿಲೋಮೀಟರ್ ತ್ರಿಜ್ಯದ ಗೋಲದೊಳಗೆ ಅಡಗಬೇಕು. ನಮ್ಮ ಗೆಲಾಕ್ಸಿಯಾದ ಕ್ಷೀರಪಥದ ನಡುವೆ 40 ಲಕ್ಷ ಸೂರ್ಯರಷ್ಟು ದ್ರವ್ಯರಾಶಿಯ ಕಪ್ಪು ರಂಧ್ರವಿದೆ.

1960ರ ದಶಕದಲ್ಲಿ ಇಂಥ ಕಾಯ ನಿಜವಾಗಿ ಉಳಿಯಬಲ್ಲದೇ ಎಂಬುದೇ ಪ್ರಶ್ನೆಯಾಗಿತ್ತು. ಅಲ್ಪ ಅಲುಗಾಟಕ್ಕೇ ಅದು ಕೆಡುವುದಾದರೆ ಎಲ್ಲವೂ ಬರೀ ಕಾಗದದ ಲೆಕ್ಕ. ಅಲುಗಿಸಿದರೂ ತಿರುಗದ ಕಪ್ಪು ರಂಧ್ರವು ಸ್ಥಿರವಾಗಿಯೇ ಉಳಿಯುವುದೆಂದು ವಿಶ್ವೇಶ್ವರ ಗಣಿತದಿಂದ ತೋರಿಸಿದರು. 1970ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಲೇಖನದಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ಬಡಿದ ಗಂಟೆ ಮೊಳಗಿ ಕ್ರಮೇಣ ಮೌನವಾಗುವಂತೆ, ಅಲುಗಿದ ಕಪ್ಪು ರಂಧ್ರವೂ ಗುರುತ್ವ ತರಂಗಗಳನ್ನು ಹೊಮ್ಮಿಸಿ ಶಾಂತವಾಗುತ್ತದೆ. ದೊಡ್ಡ ಗಂಟೆಯ ದನಿ ಗಂಭೀರ, ಚಿಕ್ಕದರದು ತೆಳು. ಹಾಗೆಯೇ ಈ 'ದನಿ'ಯಿಂದ ಕಣ್ಣಿಗೆ ಕಾಣದ ಕಪ್ಪು ರಂಧ್ರದ ದ್ರವ್ಯರಾಶಿಯನ್ನು ತಿಳಿಯಬಹುದು.

ಆ ದನಿಯನ್ನು ಹಿಡಿಯುವ ಉಪಕರಣ ಆಗ ಇರಲಿಲ್ಲ. ಸ್ವದೇಶಕ್ಕೆ ಮರಳಿದ ವಿಶ್ವೇಶ್ವರ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಹಾಗೂ ಭಾರತೀಯ ಖಭೌತ ಸಂಸ್ಥೆಗಳಲ್ಲಿ ಸೇವೆ ಸಲ್ಲಿಸಿದರು. 1989ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾಗಿ, ಶಾಲಾ ಮಕ್ಕಳಿಗೂ ಜನಸಾಮಾನ್ಯರಿಗೂ ಆಕಾಶವನ್ನು ಪರಿಚಯಿಸಿದರು. ಕನ್ನಡದಲ್ಲೂ ಪ್ರದರ್ಶನಗಳು ನಡೆದವು. ಪ್ರದರ್ಶನಗಳ ಕಥನವನ್ನು ತಾವೇ ಬರೆಯುತ್ತಿದ್ದರು, ವ್ಯಂಗ್ಯಚಿತ್ರಗಳನ್ನೂ ಬಿಡಿಸುತ್ತಿದ್ದರು. ಕಠಿಣ ಸಂಶೋಧನೆಯಷ್ಟೇ ಶ್ರದ್ಧೆ ಈ ಕೆಲಸದಲ್ಲೂ ಅವರಿಗಿತ್ತು.

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಉಪಕರಣಗಳು ಮೊದಲ ಬಾರಿಗೆ ಗುರುತ್ವ ತರಂಗವನ್ನು ದಾಖಲಿಸಿದವು. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪು ರಂಧ್ರಗಳು ಒಂದಾಗಿದ್ದವು. ಸಂಕೇತದ ಕೊನೆಯಲ್ಲಿದ್ದದ್ದು, ಕ್ಷಣಾರ್ಧದಲ್ಲಿ ಅಡಗುವ ಅದೇ ಮೊಳಗು. 2016ರ ಫೆಬ್ರವರಿ 11ರಂದು ಈ ಸುದ್ದಿ ಪ್ರಕಟವಾದಾಗ ವಿಶ್ವೇಶ್ವರ ಅವರಿಗೆ 77 ವರ್ಷ. ಯೌವನದಲ್ಲಿ ಮಾಡಿದ ಲೆಕ್ಕ ನಿಜವಾದುದನ್ನು ಕಂಡ ಅವರು 2017ರ ಜನವರಿ 16ರಂದು ನಿಧನರಾದರು.