ಕಲಿಯಬೇಡ ಅಂದವರು, ಕಲಿಯಲೇಬೇಕು ಅಂದವರು

ಇನ್ನೊಂದು ಭಾಷೆ ಕಲಿಯೋದು ಒಳ್ಳೇದು. ಅದರಲ್ಲಿ ತಕರಾರಿಲ್ಲ. ಆದರೆ ಈ ದೇಶದ ಶಾಲೆಗಳಲ್ಲಿ ಯಾರು ಯಾವ ಭಾಷೆ ಕಲಿಯಬೇಕು, ಯಾರು ಕಲಿಯಕೂಡದು ಅಂತ ತೀರ್ಮಾನ ಮಾಡಿದವರು ಯಾರು? ಚರಿತ್ರೆಯನ್ನ ಈ ಪ್ರಶ್ನೆ ಹಿಡಿದೇ ಓದಬೇಕು.

ಹುಡುಗ ಅಂಬೇಡ್ಕರ್ ಹೈಸ್ಕೂಲಿನಲ್ಲಿ ಎರಡನೇ ಭಾಷೆಯಾಗಿ ಸಂಸ್ಕೃತ ಕೇಳಿದರು. ಮುಟ್ಟಬಾರದವನಿಗೆ ಕಲಿಸೋದಿಲ್ಲ ಅಂದರು ಮೇಷ್ಟ್ರು. ಪರ್ಶಿಯನ್ ತಗೊಳ್ಳಬೇಕಾಯಿತು. ಸಂಸ್ಕೃತವನ್ನ ಆಮೇಲೆ ತಮ್ಮ ಛಲದಿಂದಲೇ ಕಲಿತರು.

ಇದು ಬಾಗಿಲು ಮುಚ್ಚಿದ ಕತೆ. ಕತ್ತು ಹಿಡಿದು ಒಳಗೆ ನೂಕಿದ ಕತೆ ಮದ್ರಾಸ್ ಪ್ರಾಂತ್ಯದ್ದು. ನಮ್ಮ ದಕ್ಷಿಣ ಕನ್ನಡ, ಬಳ್ಳಾರಿ ಆಗ ಅದರೊಳಗೇ ಇದ್ದವು. ಅಲ್ಲಿ 1937ರಲ್ಲಿ ಅಧಿಕಾರಕ್ಕೆ ಬಂದ ರಾಜಾಜಿ ಸರ್ಕಾರ 1938ರ ಏಪ್ರಿಲ್‌ನಲ್ಲಿ 125 ಶಾಲೆಗಳಲ್ಲಿ ಹಿಂದೂಸ್ತಾನಿಯನ್ನ ಕಡ್ಡಾಯ ಮಾಡಿತು. ಪೆರಿಯಾರ್ ಜೊತೆ ಜನ ಬೀದಿಗಿಳಿದರು. ಸುಮಾರು 1,200 ಮಂದಿ ಬಂಧನವಾದರು. ಕಂಕುಳಲ್ಲಿ ಕೂಸು ಎತ್ತಿಕೊಂಡ ತಾಯಂದಿರೂ ಜೈಲು ಸೇರಿದರು. ಸೆರೆಗೆ ಹೋದ ನಟರಾಜನ್ 1939ರ ಜನವರಿಯಲ್ಲಿ ಸತ್ತರು. ಮಾರ್ಚ್‌ನಲ್ಲಿ ತಾಳಮುತ್ತು ಸತ್ತರು. ಆ ಚಳವಳಿಯಲ್ಲಿ ಮೊದಲು ಪ್ರಾಣ ಕೊಟ್ಟ ನಟರಾಜನ್ ದಲಿತ ಯುವಕ. ಹೈಸ್ಕೂಲಿನ ಮೆಟ್ಟಿಲು ಹತ್ತಿದ ದಲಿತ ಮಕ್ಕಳೇ ಆಗ ವಿರಳ. ಮನೆಯಲ್ಲಿ ಹೇಳಿಕೊಡೋರಿಲ್ಲದ ಮಗುವಿಗೆ ಕಡ್ಡಾಯದ ಹೊಸ ಭಾಷೆ ಅಂದರೆ ದಾಟಬೇಕಾದ ಇನ್ನೊಂದು ಹೊಸಿಲು. 1940ರ ಫೆಬ್ರವರಿಯಲ್ಲಿ ಗವರ್ನರ್ ಆ ಕಡ್ಡಾಯವನ್ನ ತೆಗೆದುಹಾಕಿದ.

ಇದೇ ರಾಜಾಜಿ 1953ರಲ್ಲಿ ಇನ್ನೊಂದು ಯೋಜನೆ ತಂದರು: ಮಕ್ಕಳಿಗೆ ಅರ್ಧ ಹೊತ್ತು ಶಾಲೆ, ಉಳಿದರ್ಧ ಅಪ್ಪನ ಕಸುಬು! ಜನ ಅದನ್ನ ಕುಲಕಸುಬಿನ ಶಿಕ್ಷಣ ಅಂತ ಕರೆದು ಒಂದೇ ವರ್ಷದಲ್ಲಿ ಹೂತುಹಾಕಿದರು.

ಮುಂದೆ 1968ರಲ್ಲಿ ತ್ರಿಭಾಷಾ ಸೂತ್ರ ಬಂತು. ಹಿಂದಿ ರಾಜ್ಯದ ಮಕ್ಕಳು ದಕ್ಷಿಣದ್ದೊಂದು ಭಾಷೆ ಕಲಿಯಲಿ ಅನ್ನೋದು ಅದರ ಆಶಯ. ಅವರ ಶಾಲೆಗಳು ಬಹುಪಾಲು ಕಲಿಸಿದ್ದು ಸಂಸ್ಕೃತವನ್ನ. ಕನ್ನಡ ಕಲಿಸಿದ್ದೆಲ್ಲಿ? ತಮಿಳುನಾಡು ಅದೇ ವರ್ಷ ಎರಡೇ ಭಾಷೆ ಸಾಕು ಅಂದುಬಿಟ್ಟಿತು. ನಮ್ಮ ಮಕ್ಕಳು ಮೂರನ್ನೂ ಹೊತ್ತರು.

ಹೊರಿಸಿದವರು ಇಟ್ಟ ಹೆಸರು 'ರಾಷ್ಟ್ರಭಾಷೆ'. ಬಾಬಾಸಾಹೇಬರ ನೇತೃತ್ವದಲ್ಲಿ ಸಿದ್ಧವಾದ ಸಂವಿಧಾನ ಯಾವ ಭಾಷೆಗೂ ಆ ಪಟ್ಟ ಕಟ್ಟಿಲ್ಲ. 343ನೇ ವಿಧಿ ಹಿಂದಿಯನ್ನ ಕೇಂದ್ರದ ಆಡಳಿತ ಭಾಷೆ ಅನ್ನುತ್ತೆ, ಅಷ್ಟೇ.

ಲಂಬಾಣಿ ತಾಂಡಾದ ಹುಡುಗಿಗೆ ಕನ್ನಡವೇ ಎರಡನೇ ಭಾಷೆ. ಅದರ ಮೇಲೆ ಇಂಗ್ಲಿಷು, ಹಿಂದಿ. ಈ ಲೆಕ್ಕದಲ್ಲಿ ಅವಳ ಮನೆಮಾತು ಎಲ್ಲಿದೆ? ಹಿಂದಿ ಹೇರಿಕೆ ವಿರುದ್ಧ ಕೂಗುವ ನಾವು ಅವಳಿಗೂ ಉತ್ತರ ಕೊಡಬೇಕು. ಮೇಷ್ಟ್ರುಗಳೇ, ನಾಳೆ ತರಗತಿಯಲ್ಲಿ ಮೊದಲು ಅವಳ ಮಾತನ್ನ ಕೇಳಿ.